ಹೆಗಲೇರುವ ದೋಣಿ

ಹಾಯಿದೋಣಿ ಕೊಂಡವರಿಗೆ ಇನ್ನೊಂದು ದೋಣಿ ಬೇಕೇ ಬೇಕು. ಇಪ್ಪತ್ತೆರಡು ಅಡಿಯ ಸಣ್ಣ ಹಾಯಿದೋಣಿಗೂ ಸಾಮಾನ್ಯವಾಗಿ ಹೊಟ್ಟೆಯ ಕೆಳಗೆ ಕೀಲ್ ಇರುತ್ತದೆ. ಗಾಳಿಗೆ ದೋಣಿ ಮಗುಚದಂತೆ ತಡೆಯುವ ಆ ಭಾರವೇ ಅದನ್ನು ದಡಕ್ಕೆ ಬರಗೊಡುವುದಿಲ್ಲ. ಆಳದ ನೀರಿನಲ್ಲಿ ಲಂಗರು ಹಾಕಿ ನಿಲ್ಲಿಸಿ, ಕುಡಿಯುವ ನೀರು, ಬುತ್ತಿ, ಬಟ್ಟೆಗಂಟು, ಮನುಷ್ಯರು ಎಲ್ಲವನ್ನೂ ಪುಟ್ಟ ಡಿಂಗಿಯೊಂದರಲ್ಲಿ ಸಾಗಿಸಬೇಕು. ಇಂಥ ಮರಿದೋಣಿಗೆ ನಾವಿಕರು ಟೆಂಡರ್ ಎನ್ನುತ್ತಾರೆ.

ಕಾರವಾರದ ಹವ್ಯಾಸಿಯೊಬ್ಬರು ಹುಡುಕುತ್ತಿದ್ದುದು ಇಂಥದ್ದನ್ನೇ. ವಯಸ್ಸು ಅರವತ್ತು ದಾಟಿದೆ, ಬ್ಯಾಂಕಿನ ಕೆಲಸದಿಂದ ನಿವೃತ್ತಿ ಆಗಿದೆ. ಕಾಳಿ ನದಿ ಕಡಲು ಸೇರುವಲ್ಲಿ ಹಾಯಿದೋಣಿ ನಿಲ್ಲಿಸುತ್ತಾರೆ. ಅಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಭರತ–ಇಳಿತಗಳ ನಡುವೆ ಸುಮಾರು ಎರಡು ಮೀಟರ್ ವ್ಯತ್ಯಾಸ. ಬೆಳಿಗ್ಗೆ ನೀರಿನ ಅಂಚಿನಲ್ಲಿ ಬಿಟ್ಟ ಡಿಂಗಿ ಮಧ್ಯಾಹ್ನ ಕೆಸರಿನ ನಡುವೆ ಕೂತಿರುತ್ತದೆ. ಅದನ್ನು ಎಳೆಯುವವರು ಗಂಡ–ಹೆಂಡತಿ ಇಬ್ಬರೇ.

ಅವರ ಪಟ್ಟಿಯಲ್ಲಿ ಮೂರು ಬಗೆಯ ದೋಣಿಗಳಿದ್ದವು. ಒಂದು, ಗಾಳಿ ತುಂಬುವ ರಬ್ಬರ್ ದೋಣಿ. ಮಡಚಿದರೆ ಚೀಲಕ್ಕೆ ಹಿಡಿಸುತ್ತದೆ, ಹತ್ತಿ ಇಳಿಯುವಾಗ ಅಲುಗಾಡುವುದು ಕಡಿಮೆ. ಆದರೆ ಹುಟ್ಟು ಹಾಕಿದರೆ ಮುಂದಕ್ಕೆ ಹೋಗಲು ಮನಸ್ಸೇ ಮಾಡದು. ಅಗ್ಗದ ಪಿವಿಸಿಯಾದರೆ ನಮ್ಮ ಬಿಸಿಲಿಗೆ ಅಂಟುಗಳು ಬಿಡುತ್ತವೆ. ಎರಡು, ಫೈಬರ್‌ನ ಗಟ್ಟಿ ಡಿಂಗಿ. ಕ್ಲಾರ್ಕ್ ಮಿಲ್ಸ್ 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಮಕ್ಕಳಿಗಾಗಿ ರೂಪಿಸಿದ ಆಪ್ಟಿಮಿಸ್ಟ್ ದೋಣಿಯ ಉದ್ದ 2.36 ಮೀಟರ್, ಬರಿಯ ಒಡಲಿನ ತೂಕ 35 ಕಿಲೋ. ಮಕ್ಕಳು ಹಾಯಿ ಕಟ್ಟಲು ಕಲಿಯುವ ದೋಣಿಯೇ ಇಷ್ಟು ತೂಗಿದರೆ ಇಬ್ಬರು ದೊಡ್ಡವರನ್ನು, ಸಾಮಾನನ್ನು ಹೊರುವ ಫೈಬರ್ ಡಿಂಗಿ ಐವತ್ತು ಕಿಲೋ ಮುಟ್ಟುವುದು ಆಶ್ಚರ್ಯವಲ್ಲ. ಮೂರನೆಯದು ಪ್ಲೈವುಡ್ಡಿನಲ್ಲಿ ಮನೆಯಲ್ಲೇ ಕಟ್ಟಿಕೊಳ್ಳುವ ದೋಣಿ. ಪಟ್ಟಿ ಹಿಡಿದು ತಿಂಗಳುಗಟ್ಟಲೆ ಲೆಕ್ಕ ಹಾಕುತ್ತಿದ್ದ ಅವರಿಗೆ, ನೀರಾವರಿ ಇಲಾಖೆಯಿಂದ ನಿವೃತ್ತರಾದ ಹೊಸಪೇಟೆಯ ಗೆಳೆಯರೊಬ್ಬರು ಫೋನಿನಲ್ಲಿ ಹೇಳಿದ್ದು ಇಷ್ಟೇ: “ರಾಯರೇ, ಹಗುರ ದೋಣಿ ನೋಡಬೇಕಂದ್ರ ನಮ್ಮ ಹೊಳಿಗೆ ಬರ್ರಿ. ಐನೂರು ವರ್ಷದಿಂದ ನಡದೈತಿ.”

ಗಂಡ–ಹೆಂಡತಿ ಹೊರಟೇಬಿಟ್ಟರು. ಹುಬ್ಬಳ್ಳಿಯಲ್ಲಿ ರೈಲು ಹಿಡಿದರೆ ಗದಗ, ಕೊಪ್ಪಳ ದಾಟಿದ ಮೇಲೆ ತುಂಗಭದ್ರೆಯ ಹಿನ್ನೀರು ಕಾಣಿಸುತ್ತದೆ. ಹೊಸಪೇಟೆಯ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ಕೆಲಸ ಮುಗಿಯಿತು. 33 ಗೇಟುಗಳು. ಕಟ್ಟಿದಾಗ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದ ಜಲಾಶಯ ಈಗ ಹೂಳು ತುಂಬಿ 105.788 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ ನದಿಯ ಕೆಳದಂಡೆಯ ಊರುಗಳೆಲ್ಲ ಉಸಿರು ಬಿಗಿಹಿಡಿದವು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಲು ಸುಮಾರು ಒಂದು ವಾರ ಬೇಕಾಯಿತು.

ಇಷ್ಟು ದೊಡ್ಡ ನೀರಿನ ಮೇಲೆ ಮೀನುಗಾರರು ತೇಲುವುದು ಹರಿಗೋಲಿನಲ್ಲಿ. ಕೆಲವರು ತೆಪ್ಪ ಎನ್ನುತ್ತಾರೆ, ತೆಲುಗು ಬಳಕೆಯ ಕಡೆ ಪುಟ್ಟಿ. ಹಿನ್ನೀರಿನ ಅಂಚು ಕಾರವಾರದ ಅಳಿವೆಯಂತೆಯೇ ಒಂದೆಡೆ ನಿಲ್ಲದು. ಮಳೆಗಾಲ ಮುಗಿಯುವ ಹೊತ್ತಿಗೆ ಹೊಲದ ಬದುವಿನ ತನಕ ಬಂದ ನೀರು, ಬೇಸಿಗೆಯಲ್ಲಿ ಕಣ್ಣಿಗೆ ಕಾಣದಷ್ಟು ದೂರ ಸರಿದಿರುತ್ತದೆ. ಇಂಥ ದಡಕ್ಕೆ ಜೆಟ್ಟಿ ಕಟ್ಟಿ ಏನು ಮಾಡುವುದು? ನೀರು ಹೋದಲ್ಲಿಗೆ ದೋಣಿಯನ್ನು ಹೊತ್ತೊಯ್ಯಬೇಕು. ಬೆಳಗಿನ ಜಾವ ಬಲೆ ಎಳೆದು ಬಂದವರು ಮೀನು ಇಳಿಸಿ, ಹರಿಗೋಲನ್ನು ಅಂಚು ಹಿಡಿದು ಎತ್ತಿ ಬೆನ್ನ ಮೇಲೆ ಕವುಚಿಕೊಂಡು ನಡೆದರೆ ಹಿಂದಿನಿಂದ ಕಾಣುವುದು ಆಮೆಯೊಂದು ಎದ್ದು ನಿಂತು ಹೊರಟಂತೆ.

“ತೂಕ ಎಷ್ಟಿರಬಹುದು?” ಎಂದು ಕಾರವಾರದವರು ಕೇಳಿದರು. ಮೀನುಗಾರನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು.

“ತೂಗಿಲ್ರಿ ಸರ. ನನಗ ಹೊರಾಕ ಬರ್ತೈತಿ, ಅಷ್ಟ. ನೀರಾಗ ಹೊಳಿ ಹೊರತೈತಿ, ದಂಡ್ಯಾಗ ನಾವ ಹೊರಬೇಕಲ್ರಿ.”

ಡಿಂಗಿ ಕೊಳ್ಳುವವರಿಗೆ ಅಂಗಡಿಯವರು ಹೇಳದ ಮಾತು ಇದು. ಎಷ್ಟು ಜನ ಕೂರಬಹುದು, ಎಷ್ಟು ಅಶ್ವಶಕ್ತಿಯ ಎಂಜಿನ್ ಹಿಡಿಯುತ್ತದೆ ಎಂಬುದೆಲ್ಲ ಕಾಗದದಲ್ಲಿ ಇರುತ್ತದೆ. ನೀರಿನ ಅಂಚಿನಿಂದ ಮೇಲಕ್ಕೆ ಐವತ್ತು ಹೆಜ್ಜೆ ಅದನ್ನು ಹೊರುವವರು ಯಾರು ಎಂಬುದು ಇರುವುದಿಲ್ಲ.

ಹಗುರವೇ ಎಲ್ಲವೂ ಅಲ್ಲ ಎಂದು ತೋರಿಸಿದ್ದು ಸಂಡೂರು. ಹೊಸಪೇಟೆಯಿಂದ ದಕ್ಷಿಣಕ್ಕೆ ಅದಿರಿನ ಲಾರಿಗಳ ಕೆಂಪು ಧೂಳಿನಲ್ಲಿ ಸಾಗಿದರೆ ಬೆಟ್ಟಗಳ ನಡುವಿನ ಕಣಿವೆ ತೆರೆದುಕೊಳ್ಳುತ್ತದೆ. ಓಬಳಗಂಡಿ, ಭೀಮಗಂಡಿ ಎಂಬ ಎರಡು ಕಿರಿದಾದ ಸಂದುಗಳು ಈ ಕಣಿವೆಯ ಬಾಗಿಲುಗಳು. ಅವುಗಳ ನಡುವೆ ಹರಿದ ನಾರಿಹಳ್ಳ ಮುಂದೆ ದರೋಜಿ ಕೆರೆಯನ್ನು ತುಂಬಿಸುತ್ತದೆ. ತಾರಾನಗರದ ಬಳಿ ಹಳ್ಳಕ್ಕೆ ಕಟ್ಟಿದ ಜಲಾಶಯ ಚಿಕ್ಕದು, ಸುತ್ತ ಹಸಿರು ಬೆಟ್ಟ. ಮಳೆ ಬಿದ್ದ ತಿಂಗಳುಗಳಲ್ಲಿ ಕಣ್ಣು ತಂಪಾಗುವ ಜಾಗ.

ಹಾಯಿ ಕಟ್ಟುವವರ ಕಣ್ಣು ಮಾತ್ರ ಹಸಿರಿಗಿಂತ ಮೊದಲು ನೀರಿನ ಮೈ ನೋಡುತ್ತದೆ. ಬೆಟ್ಟದ ಸಂದಿನಿಂದ ನುಗ್ಗಿದ ಗಾಳಿ ಒಂದು ಕಡೆ ನೀರನ್ನು ಕಪ್ಪಾಗಿಸಿ ಓಡುತ್ತಿತ್ತು, ಹತ್ತು ಮಾರು ಆಚೆ ನೀರು ಕನ್ನಡಿ. ಇಂಥ ಬೀಸುಗಾಳಿಗೆ ಖಾಲಿ ರಬ್ಬರ್ ದೋಣಿ ಸಿಕ್ಕರೆ ಕಟ್ಟಿದ ಹಗ್ಗದ ತುದಿಯಲ್ಲೇ ಎದ್ದು ಮಗುಚುತ್ತದೆ. ಅದರ ಉಬ್ಬಿದ ಕೊಳವೆಗಳು ಗಾಳಿಗೆ ಗೋಡೆಯಂತೆ, ನೀರೊಳಗೆ ಹಿಡಿತ ಮಾತ್ರ ಇಲ್ಲ. ಒಬ್ಬರೇ ಹುಟ್ಟು ಹಾಕುತ್ತಿದ್ದರೆ ಹೋಗಬೇಕಾದ ದಿಕ್ಕು ಒಂದು, ಹೋಗುವ ದಿಕ್ಕು ಇನ್ನೊಂದು. ಹಾಯಿದೋಣಿಯ ಹಿಂದೆ ಕಟ್ಟಿ ಎಳೆದರೂ ತೊಂದರೆಯೇ. ಎದುರು ಗಾಳಿಗೆ ವೇಗ ಕುಂದುತ್ತದೆ. ಹಿಂದಿನಿಂದ ಅಲೆ ಬಂದರೆ ಡಿಂಗಿ ಓಡಿ ಬಂದು ತಾಯಿದೋಣಿಯ ಬೆನ್ನಿಗೆ ಗುದ್ದುತ್ತದೆ. ಮೇಲೆತ್ತಿ ಅಟ್ಟದ ಮೇಲೆ ಇಡೋಣವೆಂದರೆ ಇಪ್ಪತ್ತೆರಡು ಅಡಿಯ ದೋಣಿಯಲ್ಲಿ ಎಂಟು ಅಡಿಯ ಡಿಂಗಿಗೆ ಜಾಗವೆಲ್ಲಿ? ಕೆಲವರು ಇದಕ್ಕೆಂದೇ ಡಿಂಗಿಯನ್ನು ಎರಡು ತುಂಡು ಮಾಡಿ, ಒಂದರೊಳಗೆ ಇನ್ನೊಂದು ಕೂರುವಂತೆ ಕಟ್ಟುತ್ತಾರೆ. ಜಾಗ ಉಳಿಯುತ್ತದೆ, ಆದರೆ ನಡುವಿನ ಜೋಡಿ ಹಲಗೆ, ಬೋಲ್ಟುಗಳಿಂದ ತೂಕ ಏರುತ್ತದೆ.

ಹಂಪಿಗೆ ಬಂದರೆ ಚಕ್ರತೀರ್ಥದ ಬಳಿ ಹರಿಗೋಲುಗಳ ಸಾಲು. ಬಂಡೆಗಳ ನಡುವೆ ತುಂಗಭದ್ರೆ ತಿರುಗಿ ಮುರುಗಿ ಹರಿಯುವ ತಾಣ ಇದು. ಆ ಬಂಡೆಗಳೇ ಇಲ್ಲಿನ ದೋಣಿಯ ಆಕಾರವನ್ನು ನಿರ್ಧರಿಸಿವೆ. ಚೂಪು ಮೂತಿಯ ದೋಣಿ ಎರಡು ಬಂಡೆಗಳ ಸಂದಿಗೆ ಸಿಕ್ಕಿಕೊಂಡರೆ ಪ್ರವಾಹ ಅದನ್ನು ಅಡ್ಡ ತಿರುಗಿಸಿ ಮುರಿಯುತ್ತದೆ. ದುಂಡು ದೋಣಿಗೆ ಮೂತಿಯೇ ಇಲ್ಲ. ಬಂಡೆಗೆ ತಾಗಿದರೆ ಉರುಳಿದಂತೆ ಸರಿದು ಪಕ್ಕಕ್ಕೆ ಹೋಗುತ್ತದೆ. ಬಿದಿರಿನ ಮೈ ತುಸು ಬಾಗಿ ಪೆಟ್ಟನ್ನು ನುಂಗುತ್ತದೆ. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದಕ್ಕಿಂತ ಕಡಿಮೆ ನೀರಿದ್ದರೂ ಸಾಕು. ಬಂಡೆಯ ಮೇಲೆ ಕೊರೆದ ಕೋಟಿಲಿಂಗದ ಬುಡಕ್ಕೆ, ಪುರಂದರ ಮಂಟಪದ ಹತ್ತಿರ ನದಿಯಲ್ಲಿ ಉಳಿದಿರುವ ವಿಜಯನಗರ ಕಾಲದ ಸೇತುವೆಯ ಕಲ್ಲುಕಂಬಗಳ ನಡುವಿಗೆ ಹೋಗುವುದು ಹಾಗಾಗಿಯೇ ಸಾಧ್ಯ.

1520ರ ಸುಮಾರಿಗೆ ಕೃಷ್ಣದೇವರಾಯನ ರಾಜಧಾನಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಕಡೆಗೆ ಜನ ದಾಟುತ್ತಿದ್ದ ಈ ದೋಣಿಗಳನ್ನು ವಿವರವಾಗಿ ಬರೆದಿದ್ದಾನೆ. ಬುಟ್ಟಿಯ ಆಕಾರ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಹಿಡಿಸುತ್ತಿದ್ದರು, ಬೇಕಾದರೆ ಕುದುರೆ, ಎತ್ತುಗಳನ್ನೂ ಹೇರುತ್ತಿದ್ದರು. ನೇರ ಹೋಗದೆ ತಿರುಗುತ್ತಲೇ ಸಾಗುವುದನ್ನೂ ಆತ ಗಮನಿಸಿದ್ದಾನೆ. ಕಡಲು ದಾಟಿ ಬಂದವನಿಗೆ ಅದು ತಮಾಷೆಯಾಗಿ ಕಂಡಿರಲೂಬಹುದು. ಆದರೆ 1800ರಲ್ಲಿ ದಂಗೆಕೋರ ಧೋಂಡಿಯಾ ವಾಘನ ಬೆನ್ನಟ್ಟಿ ಬಂದ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಡ್ಯೂಕ್ ಆದಾತ, ತುಂಗಭದ್ರೆಯನ್ನು ದಾಟಲು ನೆಚ್ಚಿದ್ದು ಇದೇ ಬುಟ್ಟಿದೋಣಿಗಳನ್ನು. ಸೈನ್ಯಕ್ಕೆ ಬೇಕಾದ್ದು ಅಂದದ ದೋಣಿಯಲ್ಲ. ಸಿಕ್ಕ ಊರಿನಲ್ಲಿ, ಸಿಕ್ಕ ಬಿದಿರು ತೊಗಲಿನಲ್ಲಿ ಬೇಗ ಕಟ್ಟಬಹುದಾದ ದೋಣಿ.

ಹರಿಗೋಲು ಹತ್ತುವುದಕ್ಕೂ ಒಂದು ಕ್ರಮವಿದೆ. ಅಂಚಿನ ಮೇಲೆ ಕಾಲಿಟ್ಟರೆ ಇಡೀ ದೋಣಿ ಕಾಲಡಿಯಲ್ಲೇ ಎದ್ದು ಬರುತ್ತದೆ.

“ಅಂಚು ಮೆಟ್ಟಬ್ಯಾಡ್ರಿ ಸರ, ನಡಕ್ಕ ಕಾಲಿಡ್ರಿ. ಹಂಗ ಕೆಳಗ ಕುಂದರ್ರಿ. ಅಮ್ಮಾರ, ನೀವು ಈ ಕಡೆ, ಸರ್ ಎದುರಿಗೆ,” ಎಂದು ಅಂಬಿಗ ಒಬ್ಬೊಬ್ಬರನ್ನೂ ತೂಕ ನೋಡಿ ಕೂರಿಸಿದ. ಕೂತ ಮೇಲೆ ದೋಣಿ ಆಶ್ಚರ್ಯವೆನ್ನುವಷ್ಟು ಸ್ಥಿರ. ಅಗಲ ಹೆಚ್ಚಿದಷ್ಟೂ, ಭಾರ ತಳದಲ್ಲಿ ಇದ್ದಷ್ಟೂ ಮಗುಚುವ ಭಯ ಕಡಿಮೆ. ಎದ್ದು ನಿಂತರೆ ಮಾತ್ರ ಆ ಲೆಕ್ಕವೆಲ್ಲ ತಲೆಕೆಳಗು.

ಹುಟ್ಟು ಹಾಕುವ ರೀತಿಯನ್ನು ಕಾರವಾರದವರು ಕಣ್ಣು ಕೀಳದೆ ನೋಡಿದರು. ಡಿಂಗಿಯಲ್ಲಿ ಕೂತವರು ಹಿಂದಕ್ಕೆ ಮುಖ ಮಾಡಿ ಎರಡು ಹುಟ್ಟು ಎಳೆಯುತ್ತಾರೆ. ಹೋಗುವ ದಾರಿ ಬೆನ್ನ ಹಿಂದೆ. ಇಲ್ಲಿ ಅಂಬಿಗ ಮುಂದಿನ ಅಂಚಿನಲ್ಲಿ ಮಂಡಿಯೂರಿ, ಒಂದೇ ಹುಟ್ಟನ್ನು ಎದುರಿನ ನೀರಿಗೆ ಇಳಿಸಿ ತನ್ನತ್ತ ಎಳೆದುಕೊಳ್ಳುತ್ತಾನೆ. ದೋಣಿಯನ್ನು ನೂಕುವುದಲ್ಲ, ಮುಂದಕ್ಕೆ ಸೆಳೆಯುವುದು. ಒಮ್ಮೆ ಎಡ, ಒಮ್ಮೆ ಬಲ. ಆ ಎಳೆತದ ಕೊನೆಯಲ್ಲಿ ಹುಟ್ಟಿನ ಅಲಗನ್ನು ತುಸು ಹೊರಳಿಸಿದರೆ ತಿರುಗಲು ಹೊರಟ ದೋಣಿ ಅಲ್ಲೇ ತಡೆದು ನಿಲ್ಲುತ್ತದೆ. ಪಾಯೆಸ್ ಕಂಡ ತಿರುಗಾಟವನ್ನು ಇಂದಿನ ಅಂಬಿಗರು ಪ್ರವಾಸಿಗರ ಖುಷಿಗೆಂದು ಬೇಕೆಂದೇ ಮಾಡಿ ತೋರಿಸುತ್ತಾರೆ. ದಾಟಿಸುವುದೇ ಕೆಲಸವಾದಾಗ ಹರಿಗೋಲು ಸಾಕಷ್ಟು ನೇರವಾಗಿಯೇ ಹೋಗುತ್ತದೆ. ಕಾರವಾರದವರೂ ಹುಟ್ಟು ಕೇಳಿ ಪಡೆದರು. ದೋಣಿ ಇದ್ದಲ್ಲೇ ಬುಗುರಿಯಾಯಿತು. ಅವರ ಹೆಂಡತಿ ನಗು ತಡೆಯಲಾರದೆ ಅಂಚು ಹಿಡಿದುಕೊಂಡರು.

ತಳವಾರಘಟ್ಟದಿಂದ ಆನೆಗೊಂದಿಗೆ ಬಹುಕಾಲ ಹರಿಗೋಲೇ ಸಾರಿಗೆ. ಬೈಕು, ಸೈಕಲ್ಲು, ಬುಟ್ಟಿ ತುಂಬಿದ ತರಕಾರಿ, ಶಾಲೆಯ ಮಕ್ಕಳು ಎಲ್ಲರೂ ಅದರಲ್ಲೇ. ಇಲ್ಲಿ ಸೇತುವೆ ಕಟ್ಟಲು ಹೊರಟದ್ದು ದೊಡ್ಡ ವಿವಾದವಾಯಿತು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದ ಹಂಪಿಯನ್ನು ಯುನೆಸ್ಕೋ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು, 2006ರಲ್ಲಿ ತೆಗೆಯಿತು. 2009ರ ಜನವರಿಯಲ್ಲಿ ಕಟ್ಟುತ್ತಿದ್ದ ಸೇತುವೆಯೇ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಆಮೇಲೆ ಕೆಳಗೆ ಬುಕ್ಕಸಾಗರ–ಕಡೇಬಾಗಿಲಿನ ನಡುವೆ ಸೇತುವೆಯಾಯಿತು. ಯಂತ್ರದೋಣಿಗಳೂ ಬಂದವು. ಹರಿಗೋಲಿನ ಕೆಲಸ ಈಗ ಬಹುಪಾಲು ಪ್ರವಾಸಿಗರನ್ನು ಸುತ್ತಿಸುವುದು, ಮೀನು ಹಿಡಿಯುವುದು.

ನದಿಯಂಚಿನ ಮರದ ನೆರಳಿನಲ್ಲಿ ಹೊಸ ಹರಿಗೋಲೊಂದು ಹುಟ್ಟುತ್ತಿತ್ತು. ಸೀಳಿದ ಬಿದಿರಿನ ದಬ್ಬೆಗಳನ್ನು ನೆಲದ ಮೇಲೆ ಹರಡಿ ನಡುವಿನಿಂದ ಹೆಣೆಯುತ್ತ ಬರುತ್ತಾರೆ. ಹೆಣಿಗೆ ಬೇಕಾದ ಅಗಲಕ್ಕೆ ಬಂದಾಗ ಮಧ್ಯದಲ್ಲಿ ಕಲ್ಲುಗಳನ್ನು ಹೇರಿ, ಸುತ್ತಲಿನ ತುದಿಗಳನ್ನು ಮೇಲಕ್ಕೆ ಬಾಗಿಸುತ್ತಾರೆ. ಅಂಚಿಗೆ ದಪ್ಪ ಬಿದಿರ ಕಟ್ಟು. ಇಡೀ ದೋಣಿಯ ಗಟ್ಟಿತನ ಆ ಬಾಯಿಕಟ್ಟಿನಲ್ಲಿದೆ. ಅದು ಸಡಿಲವಾದರೆ ಹರಿಗೋಲು ಬರೀ ಚಾಪೆ. ತೊಗಲಿನ ಕಾಲ ಹೋಯಿತು. ಈಗ ಗೊಬ್ಬರದ ಪ್ಲಾಸ್ಟಿಕ್ ಚೀಲ ಇಲ್ಲವೇ ತಾಡಪತ್ರಿ ಹೊದಿಸಿ, ಕಾಯಿಸಿದ ಡಾಂಬರು ಬಳಿಯುತ್ತಾರೆ. ಫೈಬರ್ ಹರಿಗೋಲುಗಳೂ ಬಂದಿವೆ. ಅವು ಬಾಳುವುದು ಹೆಚ್ಚು, ಬಾಗುವುದು ಕಡಿಮೆ. ಬಿದಿರಿನದು ತೂತಾದರೆ ಅಂಗೈಯಗಲದ ತಾಡಪತ್ರಿ ತುಂಡು, ಒಂದು ಸೌಟು ಡಾಂಬರು. ಮಧ್ಯಾಹ್ನದ ಹೊತ್ತಿಗೆ ದೋಣಿ ಮತ್ತೆ ನೀರಿಗೆ. ಗಾಳಿ ತುಂಬುವ ದೋಣಿಯ ಅಂಟು ಬಿಟ್ಟರೆ ಸರಿಯಾದ ಗೋಂದು ಕಾರವಾರದಲ್ಲಿ ಸಿಗುವುದೇ ಕಷ್ಟ ಎಂಬುದನ್ನು ಹವ್ಯಾಸಿ ಆಗಲೇ ಮನಸ್ಸಿನಲ್ಲಿ ಬರೆದುಕೊಂಡರು.

ದುಂಡು ದೋಣಿ ತುಂಗಭದ್ರೆಯ ಸ್ವತ್ತಲ್ಲ. ಯೂಫ್ರಟಿಸ್ ನದಿಯಲ್ಲಿ ತೊಗಲಿನ ದುಂಡು ದೋಣಿಗಳು ಕತ್ತೆಯನ್ನೂ ಹೇರಿಕೊಂಡು ಬ್ಯಾಬಿಲೋನಿಗೆ ಇಳಿಯುತ್ತಿದ್ದುದನ್ನು ಹೆರೊಡೊಟಸ್ ಬರೆದಿದ್ದಾನೆ. ಸರಕು ಮಾರಿದ ಮೇಲೆ ಕಟ್ಟಿಗೆಯನ್ನೂ ಮಾರಿ, ತೊಗಲನ್ನು ಕತ್ತೆಯ ಮೇಲೆ ಹಾಕಿ ನಡೆದು ಊರಿಗೆ ಮರಳುತ್ತಿದ್ದರಂತೆ. ವೇಲ್ಸಿನ ಟೈವಿ ನದಿಯ ಮೀನುಗಾರರು ಒಬ್ಬರೇ ಕೂರುವ ಬುಟ್ಟಿದೋಣಿಯನ್ನು ಬೆನ್ನಿಗೆ ನೇತುಹಾಕಿಕೊಳ್ಳುತ್ತಾರೆ. ವಿಯೆಟ್ನಾಮಿನ ನಡುಕರಾವಳಿಯಲ್ಲಂತೂ ಬಿದಿರಿನ ಬುಟ್ಟಿದೋಣಿ ಕಡಲಿಗೇ ಇಳಿದಿದೆ. ಸಗಣಿ, ಮರದ ರಾಳ ಬಳಿದ ಈ ಥುಂಗ್ ಚಾಯ್‌ಗಳು ದಡದಿಂದ ದೂರ ಲಂಗರು ಹಾಕಿದ ದೊಡ್ಡ ಮೀನುದೋಣಿಗಳಿಗೆ ಜನರನ್ನು, ಮೀನನ್ನು ಸಾಗಿಸುತ್ತವೆ. ಅಂದರೆ ಹರಿಗೋಲಿನ ಸೋದರ ಅಲ್ಲಿ ನಿಜವಾಗಿಯೂ ಟೆಂಡರ್ ಆಗಿ ದುಡಿಯುತ್ತಿದೆ.

ಹಾಗಾದರೆ ಕಾಳಿ ನದಿಗೂ ಹರಿಗೋಲೇ ಒಯ್ದರಾಯಿತಲ್ಲ? ಹೊಸಪೇಟೆಯ ಗೆಳೆಯರ ಉತ್ಸಾಹ ಅಲ್ಲಿಗೇ ಹೋಗಿತ್ತು. ಅದಕ್ಕೆ ಉತ್ತರ ಕಂಪ್ಲಿಯಲ್ಲಿ ಸಿಕ್ಕಿತು.

ಕಬ್ಬು, ಬಾಳೆ, ಭತ್ತದ ಹಸಿರಿನ ನಡುವೆ ಹಾದುಹೋಗುವ ರಸ್ತೆ ಕಂಪ್ಲಿಯ ಹಳೆಯ ಕೋಟೆಯನ್ನು ದಾಟಿ ನದಿಗೆ ಇಳಿಯುತ್ತದೆ. ಗಂಡುಗಲಿ ಕುಮಾರರಾಮನ ಕಥೆಗಳ ಊರು. ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಅಂದರೆ ಈ ಪ್ರವಾಸದ ನದಿಯ ಭಾಗವೆಲ್ಲ ಹೆಚ್ಚುಕಡಿಮೆ ನೀರುನಾಯಿಗಳ ಮನೆಯಂಗಳ. ಎಂಜಿನ್ ಇಲ್ಲದ ಹರಿಗೋಲು ಆ ಅಂಗಳದಲ್ಲಿ ಸದ್ದು ಮಾಡದ ನೆಂಟ.

ಕಂಪ್ಲಿ–ಗಂಗಾವತಿ ಸೇತುವೆ ತಗ್ಗಿನದು. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಮುಳುಗುತ್ತದೆ; 2019, 2022ರಂಥ ವರ್ಷಗಳಲ್ಲಿ ಸಂಚಾರವೇ ನಿಂತಿತು. ಸೇತುವೆ ಮುಳುಗಿದರೆ ಹರಿಗೋಲಿಗೆ ಕೆಲಸ ಹೆಚ್ಚು ಎಂದು ದೂರದವರು ಎಣಿಸಬಹುದು. ನದಿಯವರು ಹಾಗೆ ಯೋಚಿಸುವುದಿಲ್ಲ. “ಡ್ಯಾಮಿನ ನೀರು ಬಿಟ್ರಂದ್ರ ನಾವು ಪುಟ್ಟಿ ಎತ್ತಿ ಮ್ಯಾಲಕ್ಕ ಇಡ್ತೀವ್ರಿ. ಹೊಳಿ ಕೂಡ ಹಟ ಎದಕ್ಕ?” ಎಂದ ಮೀನುಗಾರ, ದಡದ ಬಹಳ ಮೇಲೆ ಕವುಚಿಟ್ಟ ತನ್ನ ದೋಣಿಯನ್ನು ತೋರಿಸಿದ. 2019ರ ಆಗಸ್ಟ್‌ನಲ್ಲಿ ಹಂಪಿಯ ಬಳಿಯ ವಿರೂಪಾಪುರ ಗಡ್ಡೆಯಲ್ಲಿ ಪ್ರವಾಸಿಗರು ಸಿಲುಕಿದಾಗ ಅವರನ್ನು ತರಲು ಹೋದ ರಕ್ಷಣಾ ದೋಣಿಯೇ ಮಗುಚಿ, ಅದರಲ್ಲಿದ್ದವರನ್ನೂ ರಕ್ಷಿಸಬೇಕಾಯಿತು. ತರಬೇತಿ ಪಡೆದವರ ಎಂಜಿನ್ ದೋಣಿಯ ಪಾಡೇ ಹೀಗಾದರೆ ಒಂದು ಹುಟ್ಟಿನ ಹರಿಗೋಲು ಏನು ಮಾಡೀತು? ಅದು ಸೆಳವಿನ ಎದುರು ಹೋಗುವ ದೋಣಿಯಲ್ಲ. ಅಳಿವೆಯಲ್ಲಿ ಇಳಿತದ ನೀರು ಕಡಲಿಗೆ ಸೆಳೆಯುವ ಹೊತ್ತಿನಲ್ಲಿ ಹುಟ್ಟು ತಪ್ಪಿದರೆ ದುಂಡು ದೋಣಿ ಅರಬ್ಬಿ ಸಮುದ್ರದ ಪಾಲು. ವಿಯೆಟ್ನಾಮಿನವರು ಹುಟ್ಟಿನಿಂದ ಕಲಿತ ಕೈಚಳಕ, ಅರವತ್ತು ದಾಟಿ ಹಂಪಿಯಲ್ಲಿ ಬುಗುರಿಯಾಡಿಸಿದವರಿಗೆ ಬರುವಂಥದ್ದಲ್ಲ.

ಹರಿಗೋಲನ್ನು ಬಿಟ್ಟರೂ ಅದರ ಲೆಕ್ಕಾಚಾರವನ್ನು ಅವರು ಬಿಡಲಿಲ್ಲ. ಕಂಪ್ಲಿಯ ಚಹಾದಂಗಡಿಯ ಬೆಂಚಿನ ಮೇಲೆ ಹಳೆಯ ಪಟ್ಟಿಯನ್ನು ಹೊಡೆದುಹಾಕಿ ಹೊಸದು ಬರೆದರು. ಇಬ್ಬರು ಸಲೀಸಾಗಿ, ಒಬ್ಬರು ಕಷ್ಟಪಟ್ಟಾದರೂ ಎತ್ತುವಂತಿರಬೇಕು: ಮೂವತ್ತು ಕಿಲೋ ಗಡಿ. ಮೂತಿ ಮೊಂಡಾಗಿರಬೇಕು. ಎಂಟು ಅಡಿಯೊಳಗೆ ಚೂಪು ಮೂತಿ ಮಾಡಿದರೆ ಮುಂದಿನ ಎರಡು ಅಡಿ ಯಾರಿಗೂ ಉಪಯೋಗವಿಲ್ಲ; ಮೊಂಡು ಮೂತಿಯಾದರೆ ಅಷ್ಟೇ ಉದ್ದದಲ್ಲಿ ಇನ್ನೊಬ್ಬರು ಕೂರಬಹುದು. ತಳ ಚಪ್ಪಟೆ, ಆದರೆ ನೇರ ಹೋಗಲು ಅಡಿಯಲ್ಲಿ ಸಣ್ಣ ಪಟ್ಟಿ. ಆಸನ ತಗ್ಗಿನಲ್ಲಿ. ಮುಳುಗದಂತೆ ಎರಡೂ ತುದಿಗೆ ಗಾಳಿಪೆಟ್ಟಿಗೆ. ಅಂಚಿಗೆ ಸುತ್ತಲೂ ದಪ್ಪ ಹಗ್ಗ. ಹರಿಗೋಲಿನ ಬಾಯಿಕಟ್ಟು ಬಂಡೆಯ ಪೆಟ್ಟು ತಾಳುವಂತೆ ಇದು ತಾಯಿದೋಣಿಯ ಬಣ್ಣ ಕಾಯುತ್ತದೆ. ರಿಪೇರಿಯ ಸಾಮಾನು ಊರಿನಲ್ಲೇ ಸಿಗಬೇಕು.

ಈ ಗುಣಗಳೆಲ್ಲ ಕೂಡಿದ ದೋಣಿ ಪ್ಲೈವುಡ್ಡಿನ ಪ್ರಾಮ್, ಅಂದರೆ ಮೊಂಡು ಮೂತಿಯ ಡಿಂಗಿ. ಇಂಗ್ಲೆಂಡಿನಲ್ಲಿ 1963ರಲ್ಲಿ ಬಂದ ಮಿರರ್ ಡಿಂಗಿ ಇದೇ ಮೊಂಡು ಮೂತಿಯದು. ಪ್ಲೈವುಡ್ ತುಂಡುಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದುಗಳ ಮೇಲೆ ಫೈಬರ್ ಪಟ್ಟಿ ಅಂಟಿಸಿ ಸಾವಿರಾರು ಜನ ಮನೆಯಲ್ಲೇ ಕಟ್ಟಿಕೊಂಡರು. ಬಡಗಿಯ ನೈಪುಣ್ಯ ಬೇಕಿಲ್ಲ. ಎಂಟಡಿ–ನಾಲ್ಕಡಿಯ ಆರು ಮಿಲಿಮೀಟರ್ ಮರೈನ್ ಪ್ಲೈವುಡ್ ಹಲಗೆ ನಮ್ಮಲ್ಲಿ ಹನ್ನೆರಡು ಕಿಲೋ ಆಸುಪಾಸು ತೂಗುತ್ತದೆ. ಪ್ರಾಮ್‌ಗೆ ಅಂಥ ಎರಡು ಹಲಗೆ ಬೇಕು. ಕತ್ತರಿಸಿ ಉಳಿದದ್ದನ್ನು ಕಳೆದು, ಅಂಟು, ಬಣ್ಣ, ಹಗ್ಗ ಕೂಡಿಸಿದರೆ ಮೂವತ್ತರ ಗಡಿಗೆ ಬಂದು ನಿಲ್ಲುತ್ತದೆ. ಪಕ್ಕದ ಹಲಗೆಗಳನ್ನು ನಾಲ್ಕು ಮಿಲಿಮೀಟರಿಗೆ ಇಳಿಸಿದರೆ ಇನ್ನೂ ಕೆಲವು ಕಿಲೋ ಉಳಿಯುತ್ತವೆ. ಎಂಜಿನ್ ಬೇಡವೆಂದೇ ತೀರ್ಮಾನ. ಇನ್ನೂರು ಮೀಟರ್ ದಾರಿಗೆ ಹದಿನೈದು ಕಿಲೋ ಕಬ್ಬಿಣವನ್ನು, ಮೇಲೆ ಪೆಟ್ರೋಲನ್ನು ಹೊತ್ತು ತಿರುಗುವುದು ದಂಡ. ಎರಡು ಹುಟ್ಟು, ಜೊತೆಗೆ ಹರಿಗೋಲಿನ ಅಂಬಿಗನ ಬಳಿ ಇದ್ದಂಥ ಒಂಟಿ ಹುಟ್ಟು ಒಂದು.

ಹರಿಗೋಲು ಹತ್ತಲೆಂದು ಹಂಪಿಗೆ ಹೋಗುವವರು ಚಳಿಗಾಲ ಅಥವಾ ಬೇಸಿಗೆಯ ಆರಂಭವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಹೊರಡುವ ಮುನ್ನ ಹೊಸಪೇಟೆಯ ಜಲಾಶಯದಿಂದ ನದಿಗೆ ಎಷ್ಟು ನೀರು ಬಿಟ್ಟಿದ್ದಾರೆಂದು ವಿಚಾರಿಸಿ. ಪತ್ರಿಕೆಗಳಲ್ಲಿ ಆ ಲೆಕ್ಕ ಬರುತ್ತಿರುತ್ತದೆ. ಹತ್ತುವ ಮೊದಲು ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ಬಾಡಿಗೆ ಮಾತಾಡಿಕೊಳ್ಳಿ, ತಿರುಗಿಸುವುದು ಬೇಡವೆಂದರೆ ಮೊದಲೇ ಹೇಳಿ. ಅಂಬಿಗ ಇವತ್ತು ನೀರು ಸರಿಯಿಲ್ಲ ಎಂದರೆ ಹೆಚ್ಚು ದುಡ್ಡಿನ ಆಸೆ ತೋರಿಸಿ ಒತ್ತಾಯಿಸಬೇಡಿ.